ಗೋವಿನಜೋಳಕ್ಕೆ ಹುಳು ಬಿದ್ದಿದೆ ಅಂತೀರಿ, ಸುಳಿ ಬಿಚ್ಚಿ ನೋಡಿದಿರಾ?

ಆರಿದ್ರಾ ಮಳೆ ಅರ್ಧ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಎಲೆಗಳ ಫೋಟೋ ಬರಲು ಶುರುವಾಗುತ್ತವೆ. ಹಾನಗಲ್ಲಿನಿಂದ ಒಂದು, ಕಲಘಟಗಿಯಿಂದ ಒಂದು, ಲಕ್ಷ್ಮೇಶ್ವರದ ಕಡೆಯಿಂದ ಎರಡು. ಎಲ್ಲದರಲ್ಲೂ ತೂತು ಬಿದ್ದ ಗೋವಿನಜೋಳದ (ಮೆಕ್ಕೆಜೋಳದ) ಎಲೆ. ಕೆಳಗೆ ಒಂದೇ ಪ್ರಶ್ನೆ: "ಯಾವ ಎಣ್ಣಿ ಹೊಡೀಬೇಕ್ರಿ?" ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ. ನಾನು ತಿರುಗಿ ಕೇಳುವುದೂ ಒಂದೇ: "ಸುಳಿ ಬಿಚ್ಚಿ ನೋಡೀರೇನ್ರಿ?" ಹೆಚ್ಚಿನವರು ನೋಡಿರುವುದಿಲ್ಲ.

ನಾನೇನು ವಿಜ್ಞಾನಿ ಅಲ್ಲ. ಹಾವೇರಿ ಜಿಲ್ಲೆಯಲ್ಲಿ ಮಸಾರಿ (ಕೆಂಪು ಮಣ್ಣಿನ) ಹೊಲ ಮಾಡುವವನು. 2018ರ ಮುಂಗಾರಿನಲ್ಲಿ ನಾನೂ ಸುಳಿ ನೋಡದೆ ಕೆಟ್ಟವನೇ. ಎಲೆಯಲ್ಲಿ ತೂತು ಕಂಡಿತು, ಕಾಂಡ ಕೊರೆಯುವ ಹುಳು ಅಂದುಕೊಂಡೆ. ಪ್ರತಿ ವರ್ಷದಂತೆ ಸುಳಿಗೆ ಹರಳು ರೂಪದ ಕೀಟನಾಶಕ ಹಾಕಿದೆ. ಹುಳು ಹೆಚ್ಚಿತು. ಅಂಗಡಿಯವರು ಕೊಟ್ಟ ಎರಡು ಎಣ್ಣೆ ಕಲಸಿ ಮಧ್ಯಾಹ್ನದ ಬಿಸಿಲಲ್ಲಿ ಹೊಡೆದೆ. ಮತ್ತೂ ಹೆಚ್ಚಿತು. ಅಷ್ಟರಲ್ಲಿ ಗೊತ್ತಾದದ್ದು, ಅದು ಹಳೆಯ ಹುಳುವೇ ಅಲ್ಲ ಅಂತ. ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್ ಆ ವರ್ಷದ ಮೇ ತಿಂಗಳಲ್ಲಷ್ಟೇ ಶಿವಮೊಗ್ಗದ ಕಡೆ ಕಾಣಿಸಿತ್ತು. ಭಾರತದಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು. ಅಲ್ಲಿನ ಶಿಕಾರಿಪುರ ದಾಟಿದರೆ ನಮ್ಮ ಜಿಲ್ಲೆಯ ಹಿರೇಕೆರೂರು. ಅದರ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ವರೆಗೂ ಹಾರಬಲ್ಲದು. ನಮ್ಮ ಹೊಲಕ್ಕೆ ಬರಲು ಎಷ್ಟು ಹೊತ್ತು ಬೇಕು?

ಆ ಪೆಟ್ಟಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳೆಯ ಮೇಲೆ ಕಾಣುವ ಗುರುತಿನಿಂದ ಹೊರಟು ಕಳ್ಳನ ತನಕ ಹೋಗೋಣ. ಎಣ್ಣೆಯ ಮಾತು ಆಮೇಲೆ.

ನೋಡುವುದು ಹೇಗೆ

ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ. ಹಗಲು ಹುಳು ಸುಳಿಯ ಆಳಕ್ಕೆ ಇಳಿದಿರುತ್ತದೆ. ಒಂದು ಚೂರಿ, ಒಂದು ಬಿಳಿ ಕಾಗದ ಸಾಕು. ಬದುವಿನ ಸಾಲುಗಳನ್ನು ಬಿಟ್ಟು ಒಳಗೆ ನಡೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ಅಡ್ಡಾಡಿ ಐದು ಕಡೆ ನಿಲ್ಲಿ. ಒಂದೊಂದು ಕಡೆ 20 ಗಿಡ ನೋಡಿದರೆ 100 ಆಯಿತು. ಅದರಲ್ಲಿ ಎಷ್ಟಕ್ಕೆ ಹೊಸ ಗಾಯ ಇದೆ ಅಂತ ಎಣಿಸಿ.

ಹೊಸ ಗಾಯ ಅಂದೆ, ಗಮನಿಸಿ. ಬಹಳ ಜನ ಎಡವುವುದು ಇಲ್ಲೇ. ತೂತು ಬಿದ್ದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲ. ಹುಳು ಸತ್ತು ಎಂಟು ದಿನವಾದರೂ ಹೊಲ ಹರಿದ ಚಾಪೆಯಂತೆಯೇ ಕಾಣುತ್ತದೆ. ಆದ್ದರಿಂದ ಹಳೆ ಎಲೆ ನೋಡಬೇಡಿ, ಸುಳಿಯಿಂದ ಈಗ ತಾನೇ ಹೊರಬರುತ್ತಿರುವ ಎಲೆ ನೋಡಿ. ಸುಳಿಯಲ್ಲಿ ಹುಳು ಹಾಕಿದ ಲದ್ದಿಯನ್ನು ಬೆರಳಿನಲ್ಲಿ ಒತ್ತಿ ನೋಡಿ. ಹಸಿಯಾಗಿದ್ದರೆ ಹುಳು ಒಳಗೇ ಇದೆ. ಒಣಗಿ ಪುಡಿಯಾದರೆ, ಹೊಸ ಎಲೆಯೂ ಚೊಕ್ಕವಾಗಿದ್ದರೆ, ಹುಳು ಸತ್ತಿದೆ ಇಲ್ಲವೇ ಕೋಶವಾಗಲು ಮಣ್ಣಿಗೆ ಇಳಿದಿದೆ. ಆಗ ಎಣ್ಣೆ ಹೊಡೆದರೆ ದುಡ್ಡು ಮಣ್ಣಿಗೆ.

ಮೊಳಕೆ ಬಂದ ಮೊದಲ ವಾರದಿಂದಲೇ ಈ ತಿರುಗಾಟ ಶುರುವಾಗಬೇಕು. ವಾರಕ್ಕೆ ಎರಡು ಸಲ.

ಎಲೆಯಲ್ಲಿ ಕಾಗದದಂಥ ಮಚ್ಚೆ, ಸುಳಿಯಲ್ಲಿ ಮರದ ಹೊಟ್ಟಿನಂಥ ಲದ್ದಿ

ಇದು ಫಾಲ್ ಆರ್ಮಿವರ್ಮ್. ನಮ್ಮ ಕಡೆ ಲದ್ದಿ ಹುಳು ಅಂತಲೇ ಕರೆಯುತ್ತಾರೆ. ಹೆಸರು ಸರಿಯಾಗಿಯೇ ಇದೆ.

ಹೆಣ್ಣು ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ, ಒಂದು ಗುಂಪಿನಲ್ಲಿ 100ರಿಂದ 200. ಮೇಲೆ ಬೂದು ಬಣ್ಣದ ಕೂದಲ ಹೊದಿಕೆ, ಎಲೆಗೆ ಬೂಷ್ಟು ಹಿಡಿದಂತೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬರುತ್ತವೆ. ಮರಿಗಳು ಎಲೆಯ ಹಸಿರನ್ನಷ್ಟೇ ಕೆರೆದು ತಿಂದು ಆಚೆ ಬದಿಯ ಪೊರೆ ಬಿಡುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಆ ಜಾಗ ತೆಳು ಕಾಗದದಂತೆ ಬೆಳಕು ಬಿಡುತ್ತದೆ. ಎಣ್ಣೆ ಹಿಡಿಯುವ ಹೊತ್ತು ಇದೇ. ಆದರೆ ಈ ಹೊತ್ತಿನಲ್ಲಿ ಹೊಲ ದೂರದಿಂದ ಹಸಿರಾಗೇ ಕಾಣುತ್ತದೆ. ಯಾರೂ ಫೋಟೋ ಕಳಿಸುವುದಿಲ್ಲ!

ಮುಂದೆ ಹುಳು ಸುಳಿಗೆ ಇಳಿಯುತ್ತದೆ. ಎಲೆಯಲ್ಲಿ ಉದ್ದುದ್ದ, ಹರಕು ತೂತು ಬೀಳುತ್ತವೆ. ಬೇಸಿಗೆಯ ಶಾಖದಲ್ಲಿ ಮೊಟ್ಟೆಯಿಂದ ಪತಂಗದ ತನಕ ಸುಮಾರು 30 ದಿನ. ಅದರಲ್ಲಿ ಹುಳುವಿನ ಬಾಳು ಎರಡು ಮೂರು ವಾರ, ಆರು ಹಂತ. ತಿನ್ನುವ ಬಹುಪಾಲನ್ನು ಕೊನೆಯ ಹಂತದಲ್ಲೇ ತಿನ್ನುತ್ತದೆ. ಸೋಮವಾರ ಚೆನ್ನಾಗಿದ್ದ ಹೊಲ ಶುಕ್ರವಾರ ಹಾಳಾಯಿತು ಅನ್ನುವುದು ಇದಕ್ಕೇ. ಹಾಳಾಗಲು ಶುರುವಾದದ್ದು ಎರಡು ವಾರದ ಹಿಂದೆ.

ಹುಳು ಹಿಡಿದು ಬಿಳಿ ಕಾಗದದ ಮೇಲಿಡಿ. ತಲೆಯ ಮೇಲೆ ಬೆಳ್ಳನೆಯ ಗೆರೆ ಇರುತ್ತದೆ, ಇಂಗ್ಲಿಷಿನ ವೈ ಅಕ್ಷರ ತಲೆಕೆಳಗು ಮಾಡಿದ ಹಾಗೆ. ಬಾಲಕ್ಕೆ ಸ್ವಲ್ಪ ಮೊದಲು ನಾಲ್ಕು ಕಪ್ಪು ಚುಕ್ಕೆ, ಚೌಕದ ನಾಲ್ಕು ಮೂಲೆಗೆ ಇಟ್ಟಂತೆ. ಇವೆರಡೂ ಇದ್ದರೆ ಅನುಮಾನ ಬೇಡ. ಬಣ್ಣ ನಂಬಬೇಡಿ. ಹಸಿರು, ಕಂದು, ಕಪ್ಪು, ಮೂರೂ ಇರುತ್ತದೆ.

ದೊಡ್ಡ ಹುಳು ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೇ. ಉಳಿದವನ್ನು ಅದೇ ತಿಂದಿರುತ್ತದೆ.

ಯಾವಾಗ ಕೈ ಹಾಕಬೇಕು? ಬಿತ್ತಿ ಮೂರು ವಾರದ ಒಳಗೆ 100ರಲ್ಲಿ 5 ಗಿಡಕ್ಕೆ ಗಾಯ ಇದ್ದರೆ ಬೇವಿನ ಮದ್ದು: 1500 ಪಿಪಿಎಂ ಸಾಂದ್ರತೆಯ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಇಲ್ಲವೇ ಮನೆಯಲ್ಲೇ ಮಾಡಿದ ಶೇ 5ರ ಬೇವಿನ ಬೀಜದ ಕಷಾಯ. ಆಮೇಲೆ 100ಕ್ಕೆ 10 ದಾಟಿದರೆ ರಾಸಾಯನಿಕ. ಬೆಳೆ ಎತ್ತರಕ್ಕೆ ಹೋಗಿ ತುರಾಯಿಗೆ (ತುದಿಯ ಗಂಡು ಹೂವಿಗೆ) ಹತ್ತಿರ ಬಂದಾಗ 20ರ ತನಕ ತಾಳಬಹುದು. ತುರಾಯಿ ಬಿಟ್ಟ ಮೇಲೆ ಎಣ್ಣೆಗೆ ಹಾಕಿದ ದುಡ್ಡು ವಾಪಸ್ ಬರುವುದು ಕಷ್ಟ.

ಇನ್ನೊಂದು ಮಾತು. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಾಗ ಸುಳಿಯಲ್ಲಿ ಬೆಳ್ಳಗೆ ಅಥವಾ ತಿಳಿ ಹಸಿರು ಪುಡಿ ಮೆತ್ತಿಕೊಂಡು ಗಟ್ಟಿಯಾಗಿ ಸತ್ತ ಹುಳು ಸಿಕ್ಕರೆ ಖುಷಿ ಪಡಿ. ಅದು ನೊಮುರಿಯಾ ಎಂಬ ಶಿಲೀಂಧ್ರದ ಕೆಲಸ. ಈಗ ಅದಕ್ಕೆ ಮೆಟರೈಜಿಯಂ ರಿಲೆಯಿ ಅಂತ ಹೆಸರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ತುಂಬಾ ವರ್ಷ ದುಡಿದಿದ್ದಾರೆ. ಇಂಥ ಹುಳು ಅಲ್ಲಲ್ಲಿ ಸಿಗುತ್ತಿದ್ದರೆ ನಾಲ್ಕು ದಿನ ಕಾಯಿರಿ. ಆ ಹೊತ್ತಿನಲ್ಲಿ ಶಿಲೀಂಧ್ರನಾಶಕ ಹೊಡೆದರೆ ನಿಮ್ಮ ಕಡೆಯ ಸಿಪಾಯಿಯನ್ನು ನೀವೇ ಕೊಂದಂತೆ.

ಎಲೆಗೆ ಅಡ್ಡಲಾಗಿ ಸಾಲು ತೂತು, ಅಥವಾ ನಡುಸುಳಿ ಒಣಗಿದೆ

ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ತೂತು ಒಂದೇ ಸಾಲಿನಲ್ಲಿ ಅಡ್ಡಲಾಗಿ ಇದ್ದರೆ ಅದು ಕಾಂಡ ಕೊರೆಯುವ ಹುಳು. ಸುಳಿ ಸುತ್ತಿಕೊಂಡಿದ್ದಾಗ ಹುಳು ಒಂದೇ ಕಡೆ ಕೊರೆಯುತ್ತದೆ. ಎಲೆ ಬಿಚ್ಚಿದಾಗ ಅದೇ ಸಾಲು ತೂತಾಗುತ್ತದೆ. ಕಾಗದ ಮಡಚಿ ಸೂಜಿ ಹಾಕಿ ನೋಡಿ, ಅರ್ಥವಾಗುತ್ತದೆ. ಲದ್ದಿ ಹುಳುವಿನ ತೂತು ಇಷ್ಟು ಶಿಸ್ತಾಗಿರುವುದಿಲ್ಲ.

ನಡುಸುಳಿ ಒಣಗಿದ್ದರೆ ಹಿಡಿದು ಎಳೆಯಿರಿ. ಸಸಿ ಇನ್ನೂ ಎಳೆಯದು, ಸುಳಿ ಸಲೀಸಾಗಿ ಕಿತ್ತು ಬಂತು, ಬುಡ ಕೊಳೆತು ನಾರುತ್ತಿದೆ, ಒಳಗೆ ಕಾಲಿಲ್ಲದ ಬಿಳಿ ಮರಿ ಇದೆ ಅಂದರೆ ಸುಳಿ ನೊಣ. ಬಿಳಿಜೋಳದಲ್ಲಿ ಇದನ್ನು ಎಲ್ಲರೂ ನೋಡಿರುತ್ತೀರಿ. ಕಾಂಡದಲ್ಲಿ ತೂತು ಇದ್ದು, ಸೀಳಿದಾಗ ಕಂದು ತಲೆಯ, ಮೈ ಮೇಲೆ ಚುಕ್ಕೆ ಸಾಲಿನ ಹುಳು ಸಿಕ್ಕರೆ ಕಾಂಡ ಕೊರೆಯುವುದೇ. ಒಂದೇ ದಂಟಿನಲ್ಲಿ ಎರಡು ಮೂರು ಹುಳು ಇದ್ದರೂ ಇರಬಹುದು. ಮೈ ಗುಲಾಬಿ ಬಣ್ಣ ಇದ್ದರೆ ಅದರ ದಾಯಾದಿ, ಗುಲಾಬಿ ಕಾಂಡ ಕೊರಕ, ಹಿಂಗಾರಿನಲ್ಲಿ ಜಾಸ್ತಿ. ಲದ್ದಿ ಹುಳುವೂ ಒಮ್ಮೊಮ್ಮೆ ಎಳೆ ಸಸಿಯ ಬೆಳೆಯುವ ತುದಿಯನ್ನೇ ತಿಂದು ಸುಳಿ ಒಣಗಿಸುತ್ತದೆ. ಹಾಗಾಗಿ ಸೀಳಿ ನೋಡದೆ ಹೆಸರು ಹೇಳಬೇಡಿ.

ಹುಳು ಕಾಂಡದ ಒಳಗೆ ಹೋದ ಮೇಲೆ ಹೊರಗಿನಿಂದ ಹೊಡೆದದ್ದು ಅದಕ್ಕೆ ತಗಲುವುದಿಲ್ಲ. ಒಣಗಿದ ಸುಳಿಯ ಗಿಡ ಕಿತ್ತು ನಾಶ ಮಾಡಿ. ಕೊಯ್ಲಾದ ಮೇಲೆ ಇದು ಕೂಳೆಯಲ್ಲಿ, ಸೊಪ್ಪೆಯ ದಂಟಿನಲ್ಲಿ ಉಳಿಯುತ್ತದೆ. ಮುಂದಿನ ಮುಂಗಾರಿನ ಹೊತ್ತಿಗೆ ಹೊಲದ ಮೂಲೆಯ ಹಳೆ ಬಣವೆಯಿಂದಲೇ ಪತಂಗ ಎದ್ದು ಬರುತ್ತವೆ. ಸೊಪ್ಪೆಯನ್ನು ಕತ್ತರಿಸಿ ದನಕ್ಕೆ ಹಾಕುವವರ ಹೊಲದಲ್ಲಿ ಈ ಕಾಟ ಕಡಿಮೆ.

ಸಸಿ ಮಲಗಿದೆ, ಬಾಡಿದೆ, ಇಲ್ಲವೇ ಕಾಣೆಯಾಗಿದೆ

ಸಸಿಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ನೆಲಮಟ್ಟದಲ್ಲಿ ಉರುಳಿಸಿದ್ದರೆ ಬುಡದ ಮಣ್ಣು ಎರಡು ಬೆರಳು ಕೆದಕಿ. ಬೂದು ಬಣ್ಣದ ಹುಳು ಸುರುಳಿ ಸುತ್ತಿ ಮಲಗಿರುತ್ತದೆ. ರಾತ್ರಿ ಎದ್ದು ಕತ್ತರಿಸುವ ಕಳ್ಳ ಅದು.

ಅಲ್ಲಲ್ಲಿ ಮಂಡಲ ಹಾಕಿದಂತೆ ಗಿಡ ಬಾಡಿ, ಎಳೆದರೆ ಬೇರೇ ಇಲ್ಲದೆ ಕಿತ್ತು ಬಂದರೆ ಗೊಣ್ಣೆ ಹುಳು. ಬೇರಿಗೆ, ದಂಟಿಗೆ ಮಣ್ಣಿನ ಪದರ ಮೆತ್ತಿದ್ದರೆ ಗೆದ್ದಲು. ಎರಡಕ್ಕೂ ಸುಳಿಗೆ ಎಣ್ಣೆ ಹೊಡೆಯುವುದು ಕಾಲು ಮುರಿದವನ ತಲೆಗೆ ಪಟ್ಟಿ ಕಟ್ಟಿದಂತೆ.

ಸಸಿ ಕಿತ್ತು ಪಕ್ಕದಲ್ಲೇ ಬಿದ್ದಿದ್ದು, ಬುಡದ ಕಾಳು ಮಾತ್ರ ಇಲ್ಲ ಅಂದರೆ ಕಾಗೆ. ನಗಬೇಡಿ, ಇದಕ್ಕೂ ಎಣ್ಣೆ ಕೇಳಿದವರಿದ್ದಾರೆ.

ನಡುದೇಟು ಮಾತ್ರ ಉಳಿದಿದೆ

ಎಲೆಯನ್ನು ಅಂಚಿನಿಂದ ತಿನ್ನುತ್ತಾ ಬಂದು ನಡುವಿನ ದೇಟು, ಅಂದರೆ ದಪ್ಪ ನರವಷ್ಟೇ ಬಿಟ್ಟಿದ್ದರೆ ಅದು ನಮ್ಮ ಹಳೆಯ ಸೈನಿಕ ಹುಳು. ಮೈ ಉದ್ದಕ್ಕೂ ಪಟ್ಟೆ ಇರುತ್ತದೆ, ಬಾಲದ ಹತ್ತಿರ ಆ ನಾಲ್ಕು ಚುಕ್ಕೆ ಎದ್ದು ಕಾಣುವುದಿಲ್ಲ. ಹಗಲು ಹೆಂಟೆಯ ಕೆಳಗೂ ಅಡಗುತ್ತದೆ. ಒಂದು ಹೊಲ ಮುಗಿಸಿ ದಂಡಿನಂತೆ ಪಕ್ಕದ ಹೊಲಕ್ಕೆ ನಡೆಯುತ್ತದೆ. ಇದಕ್ಕೆ ಸಂಜೆ ವಿಷದ ತೌಡು ಒಳ್ಳೆಯದು, ಮುಂದೆ ಹೇಳುತ್ತೇನೆ.

ತುರಾಯಿ ಜಿಗುಟು, ತೆನೆಯಲ್ಲಿ ಹುಳು

ತುರಾಯಿಯ ಮೇಲೆ ನೀಲಿ ಹಸಿರು ಹೇನು ಮುತ್ತಿ, ಎಲೆ ಜಿಗುಟಾಗಿ ಕಪ್ಪು ಮಸಿ ಹಿಡಿಯುತ್ತದೆ. ಹೇನು ತಿನ್ನುವ ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಅವಕ್ಕೇ ಕೆಲಸ ಬಿಡಿ. ತೆನೆಯ ತುದಿಯಲ್ಲಿ ಕೂದಲು, ಎಳೆಕಾಳು ತಿನ್ನುವುದು ಹೆಚ್ಚಾಗಿ ಕಡಲೆಗೆ ಬೀಳುವ ಅದೇ ಕಾಯಿಕೊರಕ. ರವದಿಯ (ತೆನೆಯ ಸಿಪ್ಪೆಯ) ಪಕ್ಕದಲ್ಲೇ ತೂತು ಕೊರೆದು ಒಳಗೆ ಹೋಗಿದ್ದರೆ ಲದ್ದಿ ಹುಳುವಿನ ಮೇಲೆ ಅನುಮಾನ ಪಡಿ.

ಹುಳುವೇ ಇಲ್ಲ!

ಎಳೆ ಎಲೆಯ ಬುಡದಲ್ಲಿ, ನಡುದೇಟಿನ ಎರಡೂ ಬದಿ ಬೆಳ್ಳನೆಯ ಪಟ್ಟೆ ಬಂದರೆ ಸತುವಿನ ಕೊರತೆ. ಬಿತ್ತುವಾಗ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕಿದ್ದರೆ ಬರುತ್ತಿರಲಿಲ್ಲ. ಕೆಳಗಿನ ಎಲೆ ತುದಿಯಿಂದ ಒಳಕ್ಕೆ ಬಾಣದ ಆಕಾರದಲ್ಲಿ ಹಳದಿಯಾದರೆ ಸಾರಜನಕ ಸಾಲದು. ಎಲೆ ಕಿರಿದಾಗಿ ನೆಟ್ಟಗೆ ನಿಂತು ಬಿಳಿಚಿಕೊಂಡು, ಬೆಳಿಗ್ಗೆ ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಕೇದಿಗೆ ರೋಗ. ಹುಳುವಿನ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ.

ಯೂರಿಯಾ ಎರಚಿದ ಎರಡು ಮೂರು ದಿನಕ್ಕೆ ಸುಳಿಯ ಎಲೆಯಲ್ಲಿ ಬಿಳಿ ಸುಟ್ಟ ಕಲೆ ಕಾಣಿಸಿದರೆ ಗಾಬರಿ ಬೇಡ. ಇಬ್ಬನಿ ಇರುವಾಗ ಎರಚಿದ್ದೀರಿ, ಕಾಳು ಸುಳಿಯಲ್ಲಿ ನಿಂತಿದೆ. ಮುಂದಿನ ಎಲೆ ಚೊಕ್ಕ ಬರುತ್ತದೆ. ಗುರುತು ಸುಲಭ: ಕಲೆ ಇರುತ್ತದೆ, ಲದ್ದಿ ಇರುವುದಿಲ್ಲ.

ಎಣ್ಣೆ ಹೊಡೆದರೂ ಹುಳು ಸಾಯಲಿಲ್ಲ

ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಹೋದ ಮುಂಗಾರಿನಲ್ಲಿ ಪಕ್ಕದ ಹೊಲದ ಕಾಕಾ ಬಂದು ಬದುವಿನ ಮೇಲೆ ಕೂತರು.

"ಎಣ್ಣಿ ಹೊಡೆದು ಆರ್ ದಿನ ಆತೋ ತಮ್ಮಾ, ಹುಳ ಹಂಗs ಐತಿ. ಡುಪ್ಲಿಕೇಟ್ ಎಣ್ಣಿ ಕೊಟ್ಟಾನ ಅಂವ."

"ಎಷ್ಟ್ ಟ್ಯಾಂಕ್ ಹೊಡದ್ರಿ ಕಾಕಾ, ಎಕರೆಕ?"

"ನಾಕು."

ಉತ್ತರ ಅಲ್ಲೇ ಇತ್ತು. ಶಿಫಾರಸು ಬರೆಯುವವರು ಎಕರೆಗೆ ಸುಮಾರು 200 ಲೀಟರ್ ನೀರು ಲೆಕ್ಕ ಹಿಡಿದಿರುತ್ತಾರೆ. ಅಂದರೆ 16 ಲೀಟರಿನ 12 ಟ್ಯಾಂಕ್‌ಗಿಂತ ಸ್ವಲ್ಪ ಜಾಸ್ತಿ. ಎಮಾಮೆಕ್ಟಿನ್ ಬೆಂಜೋಯೇಟ್ ಶೇ 5ರ ಪುಡಿಯನ್ನು ಲೀಟರಿಗೆ 0.4 ಗ್ರಾಂ ಹಾಕಿ ಅಂದರೆ ಎಕರೆಗೆ 80 ಗ್ರಾಂ ಬೀಳಬೇಕು ಅಂತ ಅರ್ಥ. ಕಾಕಾ ಲೀಟರ್ ಲೆಕ್ಕ ಸರಿಯಾಗಿಯೇ ಹಾಕಿದ್ದರು. ಆದರೆ ನಾಲ್ಕು ಟ್ಯಾಂಕಿನಲ್ಲಿ ಎಕರೆ ಮುಗಿಸಿದ್ದರು. ಬಿದ್ದದ್ದು 26 ಗ್ರಾಂ ಹತ್ತಿರ ಅಷ್ಟೇ. ಎಣ್ಣೆ ಅಸಲಿಯೇ, ಸಾಲಲಿಲ್ಲ. ಸಸಿ ಇನ್ನೂ ಸಣ್ಣದಿದ್ದಾಗ ನೀರು ಕಡಿಮೆ ಹಿಡಿಯುತ್ತದೆ, ಒಪ್ಪೋಣ. ಮೊಣಕಾಲು ದಾಟಿದ ಬೆಳೆಗೆ ನಾಲ್ಕು ಟ್ಯಾಂಕ್ ಎಲ್ಲಿಗೂ ಸಾಲದು.

ಇಬ್ಬರೂ ಹೊಲಕ್ಕೆ ಹೋಗಿ ಸುಳಿ ಬಿಚ್ಚಿದೆವು. ಮೇಲೆ ಲದ್ದಿ ಬೂಚಿನಂತೆ ಕೂತಿತ್ತು. ಅದರ ಕೆಳಗೆ ಒಂದೂವರೆ ಇಂಚಿನ ಹುಳು ಆರಾಮಾಗಿ ಮಲಗಿತ್ತು. ಎಣ್ಣೆ ಲದ್ದಿಯ ಮೇಲೆ ಬಿದ್ದಿತ್ತು, ಹುಳುವಿಗೆ ತಗಲಿರಲಿಲ್ಲ. ಕಾಕಾ ಹೊಡೆದದ್ದು ಮಧ್ಯಾಹ್ನ ಹನ್ನೆರಡಕ್ಕೆ, ಎಲೆಯ ಮೇಲೆ ಪಂಪನ್ನು ಬೀಸುತ್ತಾ. ಹೊಡೆಯಬೇಕಾದ್ದು ಸಂಜೆ, ಇಲ್ಲವೇ ನಸುಕಿನಲ್ಲಿ. ನಾಝಲ್ ಸುಳಿಯ ಬಾಯಿಗೇ ಹಿಡಿಯಬೇಕು. ಸುಳಿ ತುಂಬಿ ಒಳಕ್ಕೆ ಇಳಿಯಬೇಕು. ಹೆಜ್ಜೆ ಬೇಗ ಹಾಕುವ ಕೂಲಿಯವರಿಗೆ ಇದನ್ನು ಮೊದಲೇ ಹೇಳಿ, ಒಂದು ಸಾಲು ನೀವೇ ಹೊಡೆದು ತೋರಿಸಿ.

ಮೂರನೆಯ ತಪ್ಪು ಟ್ಯಾಂಕಿನಲ್ಲಿತ್ತು. ಹುಳುವಿನ ಎಣ್ಣೆ, ಶಿಲೀಂಧ್ರದ ಪುಡಿ, ಟಾನಿಕ್, ಮೇಲೊಂದು ಗೊಬ್ಬರದ ಪುಡಿ, ನಾಲ್ಕೂ ಒಟ್ಟಿಗೆ. ನೀರು ಹೊಂಡದ ಕೆಂಪು ಕೆಸರು ನೀರು. ಹೀಗೆ ಕಲಸಿದರೆ ಯಾವುದು ಯಾವುದನ್ನು ಕೆಡಿಸಿತು ಅಂತ ಯಾರೂ ಹೇಳಲಾರರು. ಒಂದು ಸಲಕ್ಕೆ ಒಂದೇ ಎಣ್ಣೆ, ತಿಳಿನೀರು.

ಎಣ್ಣೆ ಬದಲಿಸಿ ಹೊಡೆಯುವುದರಲ್ಲೂ ಒಂದು ಗುಟ್ಟಿದೆ. ಸ್ಪೈನೆಟೋರಾಮ್ ಶೇ 11.7 ಆದರೆ ಲೀಟರಿಗೆ 0.5 ಮಿಲಿ, ಕ್ಲೋರಾಂಟ್ರನಿಲಿಪ್ರೋಲ್ ಶೇ 18.5 ಆದರೆ 0.4 ಮಿಲಿ. ಆದರೆ ನಿಮ್ಮ ಬೀಜಕ್ಕೆ ಸಯಾಂಟ್ರನಿಲಿಪ್ರೋಲ್ ಲೇಪಿಸಿದ್ದರೆ ಮೊದಲ ಸಿಂಪಡಣೆಗೆ ಕ್ಲೋರಾಂಟ್ರನಿಲಿಪ್ರೋಲ್ ಬೇಡ. ಹೆಸರು ಬೇರೆ, ಗುಂಪು ಒಂದೇ. ಅದೇ ಗುಂಪಿನ ಪೆಟ್ಟು ಮತ್ತೆ ಮತ್ತೆ ಬಿದ್ದರೆ ಹುಳು ಅದಕ್ಕೆ ಒಗ್ಗಿಹೋಗುತ್ತದೆ. ಬೀಜದ ಲೇಪನದ ಬಲ ಎರಡು ಮೂರು ವಾರಕ್ಕೆ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಲೇಪನದ ಬೀಜ ಅಂತ ಸುಮ್ನೆ ಕೂತವರೂ ಕೆಟ್ಟಿದ್ದಾರೆ.

ಕಾಕಾನ ಹೊಲದಲ್ಲಿ ಹುಳು ಆಗಲೇ ದಪ್ಪ ಆಗಿದ್ದರಿಂದ ಮತ್ತೆ ಪಂಪು ಎತ್ತಲಿಲ್ಲ. ವಿಷದ ತೌಡು ಮಾಡಿದೆವು. ಎಕರೆಗೆ 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, ಎರಡು ಮೂರು ಲೀಟರ್ ನೀರು. ಕಲಸಿ ಒಂದು ದಿನ ಹುಳಿ ಬರಲು ಇಡಬೇಕು. ಹೊಲಕ್ಕೆ ಒಯ್ಯುವ ಅರ್ಧ ತಾಸು ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಬೇಕು. ಸಂಜೆ ಕೈಗವಸು ಹಾಕಿಕೊಂಡು ಚಿಟಿಕೆ ಚಿಟಿಕೆ ಸುಳಿಗೆ ಉದುರಿಸಬೇಕು. ಬೆಲ್ಲದ ವಾಸನೆಗೆ ಹುಳು ತಾನೇ ಮೇಲೆ ಬರುತ್ತದೆ. ಕೂಲಿ ಜಾಸ್ತಿ ಬೀಳುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡ ಹುಳುವಿಗೆ ನನಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬೇರೆ ಇಲ್ಲ. ತೌಡು ಕಲಸಿದ ಬುಟ್ಟಿಗೆ ದನ, ಕೋಳಿ, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ. ಹಸಿ ಮೇವು ಕೊಯ್ಯುವವರು ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಲೇಬೇಕು.

ಮೋಹಕ ಬಲೆ ಕಟ್ಟಿದೆ, ಒಂದು ಪತಂಗವೂ ಬೀಳಲಿಲ್ಲ ಅನ್ನುವವರು ಒಳಗಿನ ಲ್ಯೂರ್ (ಪತಂಗವನ್ನು ವಾಸನೆಯಿಂದ ಸೆಳೆಯುವ ಗುಳಿಗೆ) ಯಾವುದು ಅಂತ ಓದಿ. ಒಂದು ಜಾತಿಯ ಲ್ಯೂರ್‌ಗೆ ಇನ್ನೊಂದು ಜಾತಿಯ ಪತಂಗ ಬರುವುದಿಲ್ಲ. ನಮ್ಮ ಕಡೆ ಹತ್ತಿಯ ಲ್ಯೂರ್ ಕೂಡ ಅದೇ ಅಂಗಡಿಯಲ್ಲಿ ಇರುತ್ತದೆ. ಹುಳು ಬಂದಿದೆಯೇ ಅಂತ ತಿಳಿಯಲು ಎಕರೆಗೆ 5 ಬಲೆ ಸಾಕು, ಬೆಳೆಯ ತಲೆಯ ಮಟ್ಟಕ್ಕೆ ಕಟ್ಟಿ, ಬೆಳೆ ಎದ್ದಂತೆ ಬಲೆಯನ್ನೂ ಏರಿಸಿ.

ಪ್ರತಿ ವರ್ಷ ಅದೇ ಹೊಲದಲ್ಲಿ ಅದೇ ಕಾಟ ಇದ್ದರೆ ಕಾರಣವನ್ನು ಮಣ್ಣಿನಲ್ಲಿ ಹುಡುಕಿ. ಹುಳು ಕೋಶವಾಗುವುದು ಒಂದೆರಡು ಇಂಚು ಆಳದಲ್ಲಿ. ಮಾಗಿ ಉಳುಮೆ ಮಾಡಿದರೆ ಕೋಶ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಉಳಿದದ್ದನ್ನು ನೇಗಿಲ ಹಿಂದೆ ಬರುವ ಬೆಳ್ಳಕ್ಕಿ ತಿನ್ನುತ್ತದೆ. ಒಂದು ಊರಿನಲ್ಲಿ ಒಬ್ಬರು ರೋಹಿಣಿಗೆ, ಒಬ್ಬರು ಪುನರ್ವಸುವಿಗೆ ಬಿತ್ತಿದರೆ ಪತಂಗಕ್ಕೆ ಸದಾ ಎಳೆ ಸುಳಿ ಸಿಗುತ್ತದೆ. ತಡವಾಗಿ ಬಿತ್ತಿದವರ ಪಾಲಿಗೆ ಮುಂಚೆ ಬಿತ್ತಿದವರ ಹುಳುವೂ ಸೇರುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಹದ ಸಿಕ್ಕಾಗ ಅಕ್ಕಪಕ್ಕದವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೂರಿಗೆ ಹೂಡಬಹುದು, ಅಲ್ವಾ?

ಇಷ್ಟೆಲ್ಲ ನೋಡಿಯೂ ಗುರುತು ಸಿಗದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೋ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಒಂದು ಎಲೆ ಹರಿದು ಜೇಬಿನಲ್ಲಿ ಒಯ್ಯಬೇಡಿ. ಬೇರು, ಮಣ್ಣು ಸಮೇತ ಇಡೀ ಗಿಡ ಎರಡು ಮೂರು ಒಯ್ಯಿರಿ. ಬಿತ್ತಿದ ದಿನ, ತಳಿ, ಇಲ್ಲಿಯವರೆಗೆ ಹೊಡೆದ ಎಣ್ಣೆಯ ಡಬ್ಬಿ ಜೊತೆಗಿರಲಿ. ಹುಳು ಸಿಕ್ಕರೆ ಒಂದೊಂದನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ, ಸ್ವಲ್ಪ ಎಲೆ ಇಡಿ. ಐದು ಹುಳು ಒಂದೇ ಡಬ್ಬಿಗೆ ಹಾಕಿ ಬಸ್ಸು ಹತ್ತಿದರೆ, ಇಳಿಯುವ ಹೊತ್ತಿಗೆ ಎರಡೇ ಉಳಿದಿರುತ್ತವೆ.